ಗಿಲಾಸ ಮೂರು, ಮಂದಿ ನಾಲ್ಕು

ಹಾಡು ರೆಕಾರ್ಡ್ ಮಾಡುವುದನ್ನು ಕಲಿಯಬೇಕು ಎಂದು ಈಗಲೂ ವಾರಕ್ಕೊಬ್ಬರಾದರೂ ನನ್ನ ಮನೆಗೆ ಬರುತ್ತಾರೆ. ಕೈಯಲ್ಲಿ ಲ್ಯಾಪ್‌ಟಾಪ್ ಇರುತ್ತದೆ, ಕೊರಳಲ್ಲಿ ಹೆಡ್‌ಫೋನ್ ಇರುತ್ತದೆ, ತಾಳ್ಮೆಯೊಂದು ಇರುವುದಿಲ್ಲ. "ಮಾಸ್ತರ, ಒಂದೆರಡ ಟ್ರಿಕ್ ಹೇಳ್ರಿ" ಅನ್ನುತ್ತಾರೆ. ಚಿಕ್ಕೋಡಿಯಲ್ಲಿ ಒಂದು ಮಹಡಿಯ ಮೇಲೆ ಮೂವತ್ತೈದು ವರ್ಷ ಸ್ಟುಡಿಯೋ ನಡೆಸಿದವನಿಗೆ ಟ್ರಿಕ್ಕುಗಳಿಗೇನು ಬರಗಾಲ? ಆದರೆ ಎರಡು ವರ್ಷದ ಹಿಂದೆ ಬೀಗ ಹಾಕಿ ಮನೆಯಲ್ಲಿ ಕೂತ ಮೇಲೆ ನನಗೆ ನೆನಪಾಗುವುದು ಟ್ರಿಕ್ಕುಗಳಲ್ಲ, ಕೆಡಿಸಿದ ಕೆಲಸಗಳು. ಸನ್ಮಾನದ ಶಾಲುಗಳನ್ನು ಹೆಂಡತಿ ಟ್ರಂಕಿನಲ್ಲಿಟ್ಟು ಡಾಂಬರು ಗುಳಿಗೆ ಹಾಕಿದ್ದಾಳೆ, ಆ ವಿಷಯ ಅಲ್ಲಿಗೆ ಮುಗಿಯಿತು. ಉಳಿದದ್ದನ್ನು ಬರೆಯುತ್ತಿದ್ದೇನೆ. ಓದಿದವರು ನನ್ನನ್ನು ಬೈದುಕೊಳ್ಳಲಿ, ಚಿಂತೆಯಿಲ್ಲ. ನಾನು ಮಾಡಿದ್ದನ್ನು ಮಾಡದಿದ್ದರೆ ಸಾಕು.

ನಾನು ಕೆಲಸ ಕಲಿತದ್ದು ಮಿರಜಿನಲ್ಲಿ, ಎಲ್ಲರೂ ಬಾಪೂ ಎಂದು ಕರೆಯುತ್ತಿದ್ದ ಒಬ್ಬ ಮರಾಠಿ ಮುದುಕನ ಕೈಕೆಳಗೆ. ಬಾಪೂಗೆ ಜಗತ್ತಿನಲ್ಲಿ ಒಂದೇ ಮಂತ್ರ ಗೊತ್ತಿತ್ತು: "ಸ್ವಚ್ಛ ಪಾಹಿಜೆ!" ಸ್ವಚ್ಛವಾಗಿರಬೇಕು, ಅಷ್ಟೆ. ಹಾಡಿನಲ್ಲಿ ಹಾಡು ಬಿಟ್ಟು ಬೇರೇನೂ ಕೇಳಬಾರದು. ಫ್ಯಾನಿನ ಸದ್ದು ಬಂದರೆ ಬೈಗುಳ, ಹೊರಗೆ ಟಾಂಗಾ ಹೋದರೆ ಬೈಗುಳ, ಹಾಡುವವನು ಎಂಜಲು ನುಂಗಿದ ಸದ್ದು ಬಂದರೆ ನನ್ನ ಬೆರಳ ಗಿಣ್ಣಿಗೆ ಪೆನ್ಸಿಲ್ ಏಟು. ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸುತ್ತಿದ್ದ ಕಾಲ ಅದು. ಸಂಜೆ ಹೊತ್ತಿಗೆ ನನ್ನ ಕಾಲ ಬಳಿ ಬೇಡದ ಟೇಪಿನ ತುಂಡುಗಳು ಕ್ಷೌರದ ಅಂಗಡಿಯ ಕೂದಲಿನಂತೆ ಬಿದ್ದಿರುತ್ತಿದ್ದವು. ಅವನ್ನು ಗುಡಿಸಿ ಒಲೆಗೆ ಹಾಕುವುದೂ ನನ್ನ ಕೆಲಸವೇ.

ಒಮ್ಮೆ ನಿಪ್ಪಾಣಿಯಿಂದ ಒಬ್ಬ ಹೆಣ್ಣುಮಗಳು ಬಂದಳು. ಗಂಡ ತಂಬಾಕಿನ ವಖಾರದಲ್ಲಿ, ಅಂದರೆ ಗೋದಾಮಿನಲ್ಲಿ, ದುಡಿಯುತ್ತಿದ್ದನಂತೆ. ಅವನಿದ್ದ ಭಜನಾ ಮಂಡಳಿಯ ಹಾಡುಗಳನ್ನು ನಾವು ಹಿಂದಿನ ವರ್ಷ ರೆಕಾರ್ಡ್ ಮಾಡಿದ್ದೆವು. ಅವನು ಹಾಡುವವನಲ್ಲ, ಹಿಂದೆ ಕೂತು ತಾಳ ಹಾಕುವವನು. ನಡುನಡುವೆ ಕೆಮ್ಮುತ್ತಿದ್ದ. ಬಾಪೂ ಹೇಳಿದಂತೆ ಒಂದೊಂದೇ ಕೆಮ್ಮನ್ನು ಹುಡುಕಿ ನಾನೇ ಕತ್ತರಿಸಿ ತೆಗೆದಿದ್ದೆ. ಈಗ ಅವನು ಸತ್ತು ತಿಂಗಳಾಗಿತ್ತು.

"ಕ್ಯಾಸೆಟ್ ನಾಕ ಸಲ ಕೇಳಿದ್ನಿರಿ. ಅವರದ ಕೆಮ್ಮ ಎಲ್ಲೂ ಬರವಲ್ದು. ಅಷ್ಟ ಹುಡುಕಿ ಕೊಡ್ರಿ" ಅಂದಳು.

ಬಾಪೂ ನಕ್ಕ. ನಾನೂ ನಕ್ಕೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಬಸ್ಸಿಗೆ ಹೋದಳು. ಆ ದಿನವೇ ನನಗೆ ಬುದ್ಧಿ ಬರಬೇಕಿತ್ತು, ಬರಲಿಲ್ಲ.

ಚಿಕ್ಕೋಡಿಯಲ್ಲಿ ಸ್ವಂತ ಸ್ಟುಡಿಯೋ ಹಾಕಿದ ಮೇಲೆ ಮೊದಲ ದೊಡ್ಡ ತಪ್ಪು ಮಾಡಿದ್ದು ಡೊಳ್ಳಿನ ಪದಗಳಲ್ಲಿ. ನಮ್ಮ ಕಡೆ ಡೊಳ್ಳಿನ ಪದ ಎಂದರೆ ಎರಡು ಮೇಳಗಳ ಜಿದ್ದು. ಒಬ್ಬರು ಪದದಲ್ಲಿ ಸವಾಲು ಹಾಕಬೇಕು, ಇನ್ನೊಬ್ಬರು ಅಲ್ಲೇ ಜವಾಬು ಕೊಡಬೇಕು. ಮುಗಳಖೋಡದ ಒಂದು ಮೇಳ ನನ್ನಲ್ಲಿ ಬಂದು ಹೊಸ ಸವಾಲುಗಳನ್ನು ರೆಕಾರ್ಡ್ ಮಾಡಿಸಿಕೊಂಡು ಹೋಯಿತು. ವಾರದ ಬಳಿಕ ಅವರ ಎದುರಾಳಿ ಮೇಳವೂ ಬಂತು. ಅದೇ ಟೇಪನ್ನು ಮತ್ತೆ ಬಳಸಿದ್ದೆ, ಕೊನೆಯಲ್ಲಿ ಹಳೆಯದು ಉಳಿದಿತ್ತು. ತಮ್ಮ ಹಾಡು ಕೇಳಿಸು ಎಂದವರಿಗೆ ಎದುರಾಳಿಗಳ ಸವಾಲುಗಳೂ ಪುಕ್ಕಟೆಯಾಗಿ ಕೇಳಿದವು. ಮುಂದಿನ ಪಂದ್ಯದಲ್ಲಿ ಸವಾಲು ಮುಗಿಯುವ ಮೊದಲೇ ಜವಾಬು ಬಂತಂತೆ. ಮೊದಲಿನ ಮೇಳದವರು ಮೆಟ್ಟಿಲು ಹತ್ತಿ ಬಂದು ನನ್ನ ಅಂಗಿಯ ಕಾಲರು ಹಿಡಿದರು. "ಹಡೆದಂವಗ ಗೊತ್ತಾಗೂ ಮೊದ್ಲ ಊರಿಗೆ ಡಂಗುರ ಹೊಡದ್ಯಲ್ಲೋ ಮಾಸ್ತರ!" ಎಂದು ಅವರ ಹಿರಿಯ ಬೈದದ್ದು ಇವತ್ತಿಗೂ ಕಿವಿಯಲ್ಲಿದೆ.

ಅಂದಿನಿಂದ ಒಂದು ಪದ್ಧತಿ ಮಾಡಿದೆ. ಹಾಡನ್ನು ಗಿರಾಕಿಯ ಕೈಗೆ ಕೊಟ್ಟ ಕೂಡಲೇ, ಅವನ ಕಣ್ಣೆದುರಿಗೇ, ನನ್ನ ಬಳಿ ಇದ್ದದ್ದನ್ನೆಲ್ಲ ಅಳಿಸುವುದು. ಬಟನ್ನನ್ನೂ ಅವನಿಂದಲೇ ಒತ್ತಿಸುತ್ತಿದ್ದೆ. ಕಂಪ್ಯೂಟರ್ ಬಂದ ಮೇಲೂ ಇದನ್ನು ಬಿಡಲಿಲ್ಲ. ಅಥಣಿ, ರಾಯಬಾಗದ ತನಕ ಮಾತು ಹಬ್ಬಿತು: ಚಿಕ್ಕೋಡಿ ಮಾಸ್ತರನ ಹತ್ತಿರ ಹಾಡಿದರೆ ಬಾವಿಗೆ ಹೇಳಿದಂತೆ, ಹೊರಗೆ ಬರುವುದಿಲ್ಲ. ನನ್ನ ಅನ್ನ ನಡೆದದ್ದು ಆ ಹೆಸರಿನ ಮೇಲೆ. ಆ ಪದ್ಧತಿಯ ಬಗ್ಗೆ ನನಗೆ ಎಷ್ಟು ಜಂಬವಿತ್ತೆಂದರೆ, ಮದುವೆ ಮನೆಗಳಲ್ಲೂ ಅದನ್ನೇ ಹೇಳಿಕೊಳ್ಳುತ್ತಿದ್ದೆ.

ಕಂಪ್ಯೂಟರ್ ಬಂದಾಗ ಬಾಪೂ ಬದುಕಿರಲಿಲ್ಲ. ಇದ್ದಿದ್ದರೆ ಕುಣಿದಾಡುತ್ತಿದ್ದ. ಬ್ಲೇಡು ಹಿಡಿದು ಅರ್ಧ ದಿನ ಮಾಡುತ್ತಿದ್ದುದನ್ನು ಈಗ ಚಹಾ ಆರುವುದರೊಳಗೆ ಮಾಡಬಹುದು. ಅಪಸ್ವರ ಹಾಡಿದವನನ್ನು ಸ್ವರಕ್ಕೆ ಎಳೆದು ಕೂರಿಸಬಹುದು. ಕಾಗವಾಡ ಕಡೆಯ ಒಬ್ಬ ದೊಡ್ಡ ಮನುಷ್ಯರ ಮಗ ಹಾಡಿದ, ಕತ್ತೆಯೂ ನಾಚಬೇಕು. ನಾಲ್ಕು ದಿನ ತಿದ್ದಿ ಕೊಟ್ಟೆ. ಅಪ್ಪ ಕೇಳಿ ಕಣ್ಣೀರು ಹಾಕಿ, "ನನ್ನ ಮಗನ ಕೊರಳಾಗ ಸರಸ್ವತಿ ಅದಾಳ" ಅಂದರು. ಸರಸ್ವತಿ ನನ್ನ ಕಂಪ್ಯೂಟರಿನಲ್ಲಿದ್ದಳು, ಆದರೆ ಗಿರಾಕಿಗೆ ಎದುರು ಹೇಳಬಾರದು. ಹೀಗೆ ಇಲ್ಲದ್ದನ್ನು ಇರುವಂತೆ ಮಾಡಿ ಮಾಡಿ, ಇರುವುದನ್ನು ಇಲ್ಲವಾಗಿಸುವುದು ನನಗೆ ದೊಡ್ಡ ಮಾತೆಂದೇ ಅನಿಸದಂತಾಯಿತು.

ಆ ಹೊತ್ತಿಗೆ ಬಂದವರು ಆ ಮೂವರು.

ಏಳೆಂಟು ವರ್ಷದ ಹಿಂದಿನ ಮಾತು. ಅಜಿತ, ಸವಿತಾ, ಮಿಲಿಂದ. ಚಿಕ್ಕೋಡಿಯ ಕಾಲೇಜಿನಲ್ಲಿ ಒಟ್ಟಿಗೆ ಓದಿ ಮುಗಿಸಿದವರು. ಅಜಿತ ಶಿರಗುಪ್ಪಿಯ ಕಬ್ಬು, ದ್ರಾಕ್ಷಿಯ ಮನೆತನದವನು, ಗಿಟಾರು ಬಾರಿಸುತ್ತಿದ್ದ. ಸವಿತಾ ಅಥಣಿಯವಳು, ಶಾಲೆಯಲ್ಲಿ ಪಾಠ ಹೇಳುವ ಕೆಲಸ. ಬೇಸ್ ಗಿಟಾರು ಹಿಡಿದು ಹಾಡುತ್ತಿದ್ದಳು. ಅದಕ್ಕೆ ನಾಲ್ಕು ತಂತಿ ಇರಬೇಕು, ಅವಳದರಲ್ಲಿ ಮೂರೇ. ಮಿಲಿಂದ ಜುಗೂಳದವನು, ತಂದೆ ತಾಯಿ ಕೂಲಿ ಮಾಡಿ ಓದಿಸಿದ ಹುಡುಗ. ಅಜ್ಜನಿಂದ ಚರ್ಮದ ಹಲಗೆ ಬಾರಿಸುವುದನ್ನು ಕಲಿತಿದ್ದ. ಮದುವೆ ಬ್ಯಾಂಡಿನವರು ಬಿಟ್ಟ ದೊಡ್ಡ ಡ್ರಮ್ಮು, ಒಂದು ಸಣ್ಣ ಡ್ರಮ್ಮು, ಜೊತೆಗೆ ಅಜ್ಜನ ಹಲಗೆಯನ್ನೂ ಸ್ಟ್ಯಾಂಡಿಗೆ ಕಟ್ಟಿ ಬಾರಿಸುತ್ತಿದ್ದ. ತಮ್ಮ ಬ್ಯಾಂಡಿಗೆ ಥ್ರೀ ಫೇಸ್ ಎಂದು ಹೆಸರಿಟ್ಟಿದ್ದರು. ಹೊಲದ ಪಂಪಿಗೆ ಮೂರು ತಂತಿಯಲ್ಲಿ ಬರುವ ಕರೆಂಟು. ಯಾವಾಗ ಬರುತ್ತದೋ, ಯಾವಾಗ ಹೋಗುತ್ತದೋ ದೇವರಿಗೇ ಗೊತ್ತು.

ಇದೆಂಥ ಸಂಗೀತ ಎಂದು ಕೇಳಿದೆ.

"ಪಂಕ್ ಅಂತಾರ್ರಿ ಸರ್" ಅಂದಳು ಸವಿತಾ. "ಭಾಳ ಕಲ್ತವರು ಮಾಡೂದಲ್ರಿ ಇದು. ಸಿಟ್ಟ ಬಂದವರು ಮಾಡೂದು."

ಸ್ಟುಡಿಯೋದಲ್ಲಿ ಒಂದು ಸಲ ಬಾರಿಸಿ ತೋರಿಸಿದರು. ಅಜಿತನ ಗಿಟಾರು ಭಜನಾ ಮಂಡಳಿಯ ಹಳೆಯ ಆಂಪ್ಲಿಫೈಯರಿನಲ್ಲಿ ಹರಿದ ಸ್ಪೀಕರಿನಿಂದ ಬರುತ್ತಿತ್ತು. ತಗಡಿನ ಮೇಲೆ ಜಲ್ಲಿ ಸುರಿದಂತೆ ಸದ್ದು. ಹಾಡು ಎರಡು ನಿಮಿಷ ದಾಟುತ್ತಿರಲಿಲ್ಲ. ಸವಿತಾ ಹಾಡುತ್ತಿರಲಿಲ್ಲ, ಒದರುತ್ತಿದ್ದಳು. ನಾನು ಮುಖ ಗಂಟಿಕ್ಕಿ ಕೂತಿದ್ದೆ, ಆದರೆ ಪಾದ ನನ್ನ ಮಾತು ಕೇಳದೆ ನೆಲ ಬಡಿಯುತ್ತಿತ್ತು. ಮಿಲಿಂದನ ಹೊಡೆತ ಅಂಥದ್ದು.

ಅವರಿಗೆ ಹೊರಗಿನ ಸದ್ದು ಬಾರದಂತೆ ಗೋಡೆಗೆ ದಿಂಬು ಹೊಡೆಸಿದ ನನ್ನ ಕೋಣೆ ಬೇಡವಂತೆ. ತಾವು ದಿನಾ ಬಾರಿಸುವ ಜಾಗದಲ್ಲೇ ಆಗಬೇಕು, ಮೂವರೂ ಒಟ್ಟಿಗೆ, ಒಂದೇ ಸಲಕ್ಕೆ, ತಪ್ಪಿದರೆ ತಪ್ಪಿದಂತೆಯೇ. ಆ ಜಾಗ ಶಿರಗುಪ್ಪಿಯಲ್ಲಿ ಅಜಿತನ ಮನೆಯ ಟ್ರ್ಯಾಕ್ಟರ್ ಶೆಡ್ಡು. ಮಧ್ಯಾಹ್ನ ಯಂತ್ರ ಹೊತ್ತುಕೊಂಡು ಹೋದೆ. ಟ್ರ್ಯಾಕ್ಟರನ್ನು ಹೊರಗೆ ನಿಲ್ಲಿಸಿದ್ದರು. ಒಂದು ಮೈಕನ್ನು ತೊಲೆಗೆ ಕಟ್ಟಿ ಇಳಿಬಿಟ್ಟೆ, ಒಂದನ್ನು ಡ್ರಮ್ಮಿನ ಮುಂದೆ ಇಟ್ಟೆ. ಎರಡು ಹಾಡು ಆಯಿತು. ಅಷ್ಟರಲ್ಲಿ ಥ್ರೀ ಫೇಸ್ ಕರೆಂಟು ಬಂದು ಬಾವಿಯ ಪಂಪು ತಾನಾಗಿ ಶುರುವಾಯಿತು. ನಾನು ತಲೆ ಮೇಲೆ ಕೈ ಹೊತ್ತೆ. "ಇರ್ಲಿ ಬಿಡ್ರಿ ಸರ್, ಅದೂ ನಮ್ಮ ಬ್ಯಾಂಡಿನಾಗ ಐತಿ" ಎಂದು ಅಜಿತ ನಕ್ಕ.

ನಡುವೆ ಚಹಾ ಬಂತು, ಯಂತ್ರ ನಡೆದೇ ಇತ್ತು. ತಂದವರು ಅಜಿತನ ತಾಯಿ, ನಾನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆ. ಟ್ರೇಯಲ್ಲಿ ಮೂರು ಸ್ಟೀಲಿನ ಗಿಲಾಸ, ಒಂದು ಕಾಗದದ ಕಪ್ಪು. ಅಜಿತನಿಗೊಂದು ಗಿಲಾಸ, ಸವಿತಾಗೊಂದು, ನನಗೊಂದು. ಕಾಗದದ ಕಪ್ಪು ಮಿಲಿಂದನಿಗೆ. ಯಾರೂ ಯಾರಿಗೂ ಏನೂ ಹೇಳಲಿಲ್ಲ ಎಂದೇ ನನ್ನ ನೆನಪು. ಎಷ್ಟೋ ವರ್ಷದ ರೂಢಿಯಂತೆ ನಾಲ್ಕೂ ಕೈ ತಮ್ಮ ತಮ್ಮದನ್ನು ಎತ್ತಿಕೊಂಡವು. ನಾನು ನೋಡಿದೆ. ನೋಡಿಲ್ಲ ಎಂದು ಈಗ ಬರೆದರೆ ನಾಲಿಗೆಯಲ್ಲಿ ಹುಳ ಬಿದ್ದಾವು. ನೋಡಿದೆ, ಚಹಾ ಕುಡಿದೆ, ಗಿಲಾಸ ಟ್ರೇಯಲ್ಲಿಟ್ಟೆ.

ಮೂರನೆಯ ಹಾಡು ಕಾರ್ಖಾನೆಯ ಮುಂದೆ ದಿನಗಟ್ಟಲೆ ನಿಲ್ಲುವ ಕಬ್ಬಿನ ಗಾಡಿಗಳ ಮೇಲಿನದು. ಅರ್ಧಕ್ಕೆ ಬಂದಾಗ ಸವಿತಾ ಉಸಿರು ತೆಗೆದುಕೊಳ್ಳಲು ಬಿಟ್ಟ ಜಾಗದಲ್ಲಿ, ಇದ್ದಕ್ಕಿದ್ದಂತೆ, ಅಲ್ಲಿವರೆಗೆ ತುಟಿ ಬಿಚ್ಚದ ಮಿಲಿಂದ ಡ್ರಮ್ಮಿನ ಹಿಂದಿನಿಂದ ಒದರಿದ:

"ಗಿಲಾಸ ಮೂರ! ಮಂದಿ ನಾಕ!"

ಅಜಿತನ ಕೈ ನಿಂತಿತು. ನಾಲ್ಕು ಏಟು ಬರೀ ಹಲಗೆ. ಮತ್ತೆ ಒದರಿದ. "ಗಿಲಾಸ ಮೂರ! ಮಂದಿ ನಾಕ!" ಸವಿತಾ ಮೈಕು ಬಿಟ್ಟು ಅವನ ಕಡೆ ತಿರುಗಿ ತಾನೂ ಒದರತೊಡಗಿದಳು. ಆಮೇಲೆ ಅಜಿತ ಕಣ್ಣು ಮುಚ್ಚಿ ಗಿಟಾರಿನ ಮೇಲೆ ಬಿದ್ದ. ಹೌದು, ಬಿದ್ದ ಎಂದೇ ಹೇಳಬೇಕು. ಅದು ತಂದೆಯ ಮನೆ, ಒಳಗೆ ಕೇಳುತ್ತಿದೆ ಎಂದು ಅವನಿಗೆ ಗೊತ್ತಿತ್ತು. ಎಷ್ಟೋ ದೊಡ್ಡವರ ಹಾಡುಗಾರಿಕೆ ಕೇಳಿದ್ದೇನೆ. ಮೈಮೇಲೆ ಹಾಗೆ ಮುಳ್ಳು ಎದ್ದದ್ದು ಅದೊಂದೇ ಸಲ. ಆದರೂ ನನ್ನ ಬೆರಳು ಏನು ಮಾಡುತ್ತಿತ್ತು ಗೊತ್ತೇ? ಯಂತ್ರದ ಸೂಜಿ ಕೆಂಪು ಗೆರೆ ದಾಟಿತೆಂದು ಸದ್ದು ತಗ್ಗಿಸುತ್ತಿತ್ತು.

ಎರಡು ದಿನದ ಬಳಿಕ ಅಜಿತನ ತಂದೆ ಬಾಳಾಸಾಹೇಬರು ಸ್ಟುಡಿಯೋಕ್ಕೆ ಬಂದರು. ಇಪ್ಪತ್ತು ವರ್ಷದಿಂದ ಅವರ ಭಜನಾ ಮಂಡಳಿಯ ಹಾಡು ನಾನೇ ರೆಕಾರ್ಡ್ ಮಾಡಿದವನು. ಸಜ್ಜನರು, ಏರುದನಿಯಲ್ಲಿ ಮಾತಾಡಿದವರಲ್ಲ.

"ಮಾಸ್ತರ, ಹುಡುಗ್ರು ಏನೇನೋ ಒದರ್ಯಾರಂತಲ್ಲ" ಅಂದರು.

"ಹುಡುಗ್ರು ಅಂದಮ್ಯಾಲ ಒದರಾವ್ರರಿ" ಅಂದೆ.

"ಮಿಲಿಂದ ನಮ್ಮ ಮನಿ ಹುಡುಗ ಇದ್ದಂಗ. ಅಂವಗ ಏನ ಕಡಿಮಿ ಮಾಡೀವಿ ಹೇಳ್ರಿ? ಆದ್ರ ನಾಳಿ ನಾಕ ಮಂದಿ ಕೇಳಿದ್ರ ನಮ್ಮ ಮನಿತನಕ್ಕ ಏನಂದಾರು? ನಿಮಗ ತಿಳಿದದ್ದ ಐತಿ. ನಾ ಏನ ಹೇಳ್ಲಿ."

ತೆಗೆದುಬಿಡಿ ಎಂದು ಅವರು ಹೇಳಲೇ ಇಲ್ಲ. ಹೇಳಿದ್ದರೆ ಅರ್ಧ ಪಾಪ ಅವರ ತಲೆಗೆ ಹೋಗುತ್ತಿತ್ತು. ಅವರು ಹೇಳದೆಯೇ ನನಗೆ ತಿಳಿಯಿತು. ಮನೆಯ ಮಾತು ಬೀದಿಗೆ ಬರಬಾರದು ಎನ್ನುವುದು ನನಗೂ ಸರಿಯೇ ಅನಿಸಿತು. ಅದು ಮಿಲಿಂದನ ಮಾತು, ಯಾರ ಮನೆಯ ಮಾತೂ ಅಲ್ಲ ಎಂದು ಆಗ ಹೊಳೆಯಲಿಲ್ಲ.

ಮೂರು ದಿನ ಕೂತು ಸ್ವಚ್ಛ ಮಾಡಿದೆ. ಪಂಪಿನ ಗುಂಯ್ ಸದ್ದು ತೆಗೆದೆ. ಸದ್ದು ತೆಗೆಯುವ ಸಾಫ್ಟ್‌ವೇರಿಗೆ ಮೊದಲು ಬೇಡದ ಸದ್ದಿನ ಒಂದು ಮಾದರಿ ತೋರಿಸಬೇಕು, ಆಗ ಅದು ಅಂಥದ್ದನ್ನೆಲ್ಲ ಹುಡುಕಿ ಅಳಿಸುತ್ತದೆ. ಮಾದರಿಯಲ್ಲಿ ಮನುಷ್ಯರ ಮಾತಿರಬಾರದು. ಆದರೆ ಪಂಪು ಶುರುವಾದ ಮೇಲೆ ಆ ಶೆಡ್ಡಿನಲ್ಲಿ ಯಾರೂ ಸುಮ್ಮನಿದ್ದದ್ದೇ ಇಲ್ಲ. ದೂರದ ಮಾತು, ನಡೆದೀತು ಎಂದು ಒಂದು ತುಂಡು ಆರಿಸಿ ಕೊಟ್ಟೆ. ಹರಿದ ಸ್ಪೀಕರಿನ ಕರಕರ ಇಳಿಸಿದೆ. ಸವಿತಾಳನ್ನು ಸ್ವರಕ್ಕೆ ಕೂರಿಸಿದೆ. ಕೊನೆಗೆ ಮಿಲಿಂದ ಒದರಿದ ಭಾಗವನ್ನು ಕತ್ತರಿಸಿ, ಅದೇ ಹಾಡಿನ ಮೊದಲಿನಿಂದ ಗಿಟಾರಿನ ತುಂಡೊಂದನ್ನು ತಂದು ಅಲ್ಲಿಗೆ ಅಂಟಿಸಿದೆ. ಗೆರೆ ಕಾಣದಂತೆ ಅಂಟಿಸಿದೆ. ಬಾಪೂ ನೋಡಿದ್ದರೆ ಬೆನ್ನು ತಟ್ಟುತ್ತಿದ್ದ.

ಬಾಳಾಸಾಹೇಬರು ಬಂದು ಕೇಳಿ, ತಲೆಯಾಡಿಸಿ, ಪೆನ್‌ಡ್ರೈವ್ ಜೇಬಿಗಿಟ್ಟುಕೊಂಡರು. ನಾನು ಪದ್ಧತಿಯಂತೆ ಮೂಲವನ್ನು ಅಳಿಸಿದೆ, ಬಟನ್ನನ್ನು ಅವರಿಂದಲೇ ಒತ್ತಿಸಿದೆ. ಗಿರಾಕಿಗಳು ಮೂವರು, ಅಳಿಸಿದ್ದು ನಾಲ್ಕನೆಯವರ ಎದುರಿಗೆ. ನನ್ನ ಪದ್ಧತಿಯನ್ನೇ ನಾನು ಮುರಿಯುತ್ತಿದ್ದೇನೆ ಎಂದು ಆ ಕ್ಷಣ ಅನಿಸಲೂ ಇಲ್ಲ.

ಮಾರನೆಯ ದಿನ ಮೂವರೂ ಬಂದರು. ಮನೆಯಲ್ಲಿ ಕೇಳದೆ, ಒಟ್ಟಿಗೆ ನನ್ನಲ್ಲೇ ಕೇಳಬೇಕೆಂದು ಅಜಿತ ಪೆನ್‌ಡ್ರೈವ್ ಹಿಡಿದುಕೊಂಡು ಬಂದಿದ್ದ. ಹಚ್ಚಿದೆ. ಮೂರು ಹಾಡೂ ಮುಗಿಯುವ ತನಕ ಯಾರೂ ಕದಲಲಿಲ್ಲ.

"ಭಾಳ ಸ್ವಚ್ಛ ಆಗೈತ್ರಿ" ಅಂದಳು ಸವಿತಾ. ಹೊಗಳಿಕೆಯಲ್ಲ ಎಂದು ತಿಳಿಯಲು ಅಷ್ಟೆಲ್ಲ ವರ್ಷದ ಅನುಭವ ಬೇಕಿರಲಿಲ್ಲ.

ಮಿಲಿಂದ ಸ್ಪೀಕರನ್ನೇ ನೋಡುತ್ತಿದ್ದ. ಮೆಲ್ಲಗೆ ಕೇಳಿದ:

"ಸರ್, ಇದರಾಗ ನಾ ಎಲ್ಲಿ ಅದೀನ್ರಿ?"

ಆಗಲಾದರೂ ನಿಜ ಹೇಳಬಹುದಿತ್ತು. ಬಾಳಾಸಾಹೇಬರ ಹೆಸರು ಹೇಳಲು ಅಂಜಿದೆ, ನನ್ನ ಹೆಸರು ಹೇಳಲು ಇನ್ನೂ ಅಂಜಿದೆ. ಬಾಯಿಗೆ ಬಂದ ಸುಳ್ಳು ಹೇಳಿದೆ. "ಅಲ್ಲಿ ನಿಂದ ತಾಳ ತಪ್ಪಿತ್ತಪಾ. ಅದಕ್ಕ ತಗಿಬೇಕಾತು."

ತಾಳ ತಪ್ಪಿತ್ತಂತೆ! ಅಜ್ಜನ ತೊಡೆಯ ಮೇಲೆ ಕೂತು ಹಲಗೆ ಕಲಿತವನಿಗೆ, ಆ ದಿನ ಶೆಡ್ಡಿನಲ್ಲಿ ಒಬ್ಬನೇ ಒಬ್ಬ ತಪ್ಪದವನಿಗೆ ಈ ಮಾತು ಹೇಳಿದೆ. ಅವನ ಮುಖ ಕಪ್ಪಿಟ್ಟಿತು. ಸಿಟ್ಟಿನಿಂದಲ್ಲ, ಹೌದೇನೋ ಎಂಬ ಅನುಮಾನದಿಂದ.

"ಮದಲಿನದ ಐತೇನ್ರಿ? ಅದನ್ನ ಹಚ್ಚರಿ, ಕೇಳೂಣು" ಅಂದಳು ಸವಿತಾ.

"ಅಳಿಸೀನಿ. ನನ್ನ ಪದ್ಧತಿ ಗೊತ್ತಲ್ಲ."

"ಯಾರನ್ನ ಕೇಳಿ ಅಳಿಸಿದ್ರಿ?"

ಅಜಿತ ನೆಲ ನೋಡುತ್ತಿದ್ದ. ಪೆನ್‌ಡ್ರೈವ್ ತನ್ನ ಕೈಗೆ ಯಾರ ಜೇಬಿನಿಂದ ಬಂತು ಎಂದು ಅವನಿಗೆ ಗೊತ್ತಿತ್ತಲ್ಲ. ಮತ್ತೊಮ್ಮೆ ರೆಕಾರ್ಡ್ ಮಾಡೋಣ, ಪುಕ್ಕಟೆ ಮಾಡಿಕೊಡುತ್ತೇನೆ ಎಂದೆ. ಮಿಲಿಂದ ಎದ್ದು ನಿಂತ. "ಅವತ್ತ ಬಂದದ್ದ ಬಂತ್ರಿ ಸರ್. ಮತ್ತ ಒದರು ಅಂದ್ರ ಅದು ನಾಟಕ ಆಕ್ಕೈತಿ." ಮೆಟ್ಟಿಲಿಳಿದು ಹೋದ. ಸವಿತಾ ಬಾಗಿಲಲ್ಲಿ ನಿಂತು, "ಒಂದ ಫೇಸ್ ಹೋದ್ರ ಮೋಟಾರ ಸುಡತೈತ್ರಿ ಮಾಸ್ತರ. ನೀವ ಹಳ್ಳ್ಯಾಗ ಹುಟ್ಟಿದವ್ರು, ಗೊತ್ತಿರಬೇಕಿತ್ತ ನಿಮಗ" ಅಂದಳು. ಅದೇ ಕೊನೆ. ಆ ಬ್ಯಾಂಡು ಮತ್ತೆ ಬಾರಿಸಲಿಲ್ಲ. ಅಜಿತ ಈಗ ದ್ರಾಕ್ಷಿ ನೋಡಿಕೊಳ್ಳುತ್ತಾನೆ. ಎದುರಾದರೆ ನಮಸ್ಕಾರ ಮಾಡುತ್ತಾನೆ, ನಿಲ್ಲುವುದಿಲ್ಲ. ಸವಿತಾ ನಿಪ್ಪಾಣಿಯ ಶಾಲೆಯಲ್ಲಿದ್ದಾಳೆ, ಅವಳು ನಮಸ್ಕಾರವನ್ನೂ ಮಾಡುವುದಿಲ್ಲ. ಮಿಲಿಂದನಿಗೆ ಕಾಗವಾಡದಲ್ಲಿ ಸರಕಾರಿ ಗುಮಾಸ್ತಿಕೆ ಸಿಕ್ಕಿತು. ಹಲಗೆ ಮುಟ್ಟುವುದನ್ನೇ ಬಿಟ್ಟಿದ್ದಾನೆ ಎಂದು ಕೇಳಿದೆ.

ಸ್ಟುಡಿಯೋ ಮುಚ್ಚುವಾಗ ಕಂಪ್ಯೂಟರ್ ಮಾರುವ ಮೊದಲು ಒಳಗೆಲ್ಲ ಜಾಲಾಡಿದೆ. ಹಾಡುಗಳನ್ನು ಅಳಿಸುತ್ತಿದ್ದೆ ನಿಜ, ಆದರೆ ಸಾಫ್ಟ್‌ವೇರಿಗೆ ತೋರಿಸಿದ ಬೇಡದ ಸದ್ದಿನ ಮಾದರಿಗಳು ಬೇರೊಂದು ಮೂಲೆಯಲ್ಲಿ ಉಳಿದುಕೊಂಡಿದ್ದವು. ಅವುಗಳಿಗೆಲ್ಲ ನಾನು ಕಸ ಎಂದು ಹೆಸರಿಟ್ಟು ಊರಿನ ಹೆಸರು ಸೇರಿಸುತ್ತಿದ್ದೆ. ಒಂದರ ಹೆಸರು 'ಕಸ ಶಿರಗುಪ್ಪಿ'. ಹದಿನಾಲ್ಕು ಸೆಕೆಂಡು. ಆ ದಿನದ ಮೂಲ ಇಷ್ಟೇ ಉಳಿದಿತ್ತು.

ಎರಡು ವರ್ಷ ಅದನ್ನು ಇಟ್ಟುಕೊಂಡು ಕೂತೆ. ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಜುಗೂಳಕ್ಕೆ ಹೋದೆ. ಮಿಲಿಂದ ಮನೆಯಲ್ಲಿದ್ದ. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕದ ಗೂಟಕ್ಕೆ ಹಲಗೆ. ಚರ್ಮ ಸಡಿಲಾಗಿ ಜೋತು ಬಿದ್ದಿತ್ತು. ಅವನು "ಬರ್ರಿ ಸರ್, ಕೂಡ್ರಿ" ಎಂದು ಕುರ್ಚಿ ಹಾಕಿದ.

"ಅವತ್ತ ನಿಂದ ತಾಳ ತಪ್ಪಿದ್ದಿಲ್ಲೋ. ನಾ ಸುಳ್ಳ ಹೇಳಿದ್ದೆ" ಅಂದೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ದೊಡ್ಡ ಮಾತುಗಳೆಲ್ಲ ಅಲ್ಲಿಗೇ ಮುಗಿದವು.

ಅವನು ಗೂಟದ ಹಲಗೆಯ ಕಡೆ ನೋಡಿದ. "ಇಷ್ಟ ವರ್ಸ ನಾ ಅದನ್ನ ನಂಬಿದ್ದೆ ನೋಡ್ರಿ" ಅಂದ.

ಫೋನಿನಲ್ಲಿ ಆ ತುಂಡು ಹಚ್ಚಿ ಅವನ ಕೈಗೆ ಕೊಟ್ಟೆ. ಪಂಪಿನ ಗುಂಯ್. ಗಿಲಾಸುಗಳ ಠಣ್. ಅಜಿತನ ತಾಯಿಯ ದನಿ, "ಕಾಗದದ್ದ ಅಂವಗ." ಅದರ ಹಿಂದೆಯೇ ಸ್ಪಷ್ಟವಾಗಿ, ನಗುನಗುತ್ತ, ನನ್ನ ದನಿ: "ಚಹಾ ಭಾಳ ಛಲೋ ಆಗೈತ್ರಿ ವೈನಿ!" ಆಮೇಲೆ ಡ್ರಮ್ಮಿನ ಕೋಲುಗಳ ಮೂರು ಏಟು. ಅಲ್ಲಿಗೆ ಕತ್ತರಿಸಿದ್ದೆ.

ಮಿಲಿಂದ ಎರಡು ಸಲ ಕೇಳಿದ. ಪರದೆಯ ಮೇಲಿನ ಹೆಸರು ಓದಿದ. ಫೋನನ್ನು ನನ್ನ ಕೈಗೆ ತಿರುಗಿ ಕೊಟ್ಟ.

"ಇದರಾಗ ನೀವ ಅದೀರಿ ಸರ್" ಅಂದ. "ನಿಮ್ಮ ಕಡೇನ ಇರ್ಲಿ."

ಅಷ್ಟರಲ್ಲಿ ಅವನ ತಾಯಿ ಒಳಗಿನಿಂದ ಚಹಾ ತಂದರು. ಮೂರು ಸ್ಟೀಲಿನ ಗಿಲಾಸ, ನನಗೊಂದು, ಅವನಿಗೊಂದು, ತಮಗೊಂದು. ಫೋನಿನಲ್ಲಿ ಏನು ಕೇಳಿಸಿತೋ ಅವರಿಗೆ ಗೊತ್ತಿರಲಿಲ್ಲ. ಮಗನ ಹಳೆಯ ಮಾಸ್ತರರು ಮನೆಗೆ ಬಂದಿದ್ದಾರೆಂಬ ಸಂತೋಷ ಅವರಿಗೆ. ನಾನು ಒಂದು ಗುಟುಕು ಕುಡಿದೆ. ಮಿಲಿಂದ ನನ್ನ ಕೈಯನ್ನೇ ನೋಡುತ್ತಿದ್ದ.

"ಚಹಾ ಛಲೋ ಆಗೈತಿಲ್ರಿ ಮಾಸ್ತರ?" ಎಂದು ತಾಯಿ ಕೇಳಿದರು.

ಮೂವತ್ತೈದು ವರ್ಷ ಬೇರೆಯವರ ಗಂಟಲನ್ನು ತಿದ್ದಿ ಬದುಕಿದವನು ನಾನು. ಅವತ್ತಿನ ಆ ಮಾತನ್ನು ಮತ್ತೆ ಹೇಳಲಾರದೆ, ಗಿಲಾಸ ಎತ್ತಿ ತಳ ಕಾಣುವ ತನಕ ಕುಡಿದೆ.